ಸೂಯಿಕಾದ ಮೆಟ್ಟಿಲು ಹತ್ತಿದ ಪೆಟ್ಟಿಗೆ

ಮಾರ್ಸೇಯಿಂದ ಫೋನು ಮಾಡಿದ ಮಲಿಕಾ ಸುತ್ತುಬಳಸಿ ಮಾತಾಡುವವಳಲ್ಲ.

"ಗುರುವಾರದೊಳಗೆ ಹೇಳ್ಬಿಡಿ, ಚಿಕ್ಕದೋ ದೊಡ್ಡದೋ. ಒಂದೇ ಒಂದು ತರ್ತೀನಿ. ನಾನು ಹಡಗು ಹತ್ತಿ ಬರ್ತಿರೋದು ತಮ್ಮನ ಮುಖ ನೋಡೋಕೆ, ನಿಮ್ಮ ಸಾಮಾನು ಹೊರೋಕೆ ನಾನೇನು ಕತ್ತೆನಾ?"

ವಹೀಬಾ ಫೋನು ಕೆಳಗಿಟ್ಟು ಎದುರು ಕೂತಿದ್ದ ಝುಬೀರ್‌ನನ್ನು ನೋಡಿದಳು. ಝುಬೀರ್ ಅವಳ ಚಿಕ್ಕಪ್ಪನ ಮಗ, ಮಲಿಕಾಳ ತಮ್ಮ. ಸಿದಿ ಮಬ್ರೂಕ್ ಬಡಾವಣೆಯ ಈ ಎರಡು ಕೋಣೆಯ ಸ್ಟುಡಿಯೊ ಇಬ್ಬರಿಗೂ ಸೇರಿದ್ದು. ಧ್ವನಿ ಹಿಡಿಯುವುದು ಅವನ ಕೆಲಸ, ಹಿಡಿದದ್ದನ್ನು ಹದಗೊಳಿಸಿ ಒಂದು ಮಾಡುವುದು ಅವಳ ಕೆಲಸ.

"ಇದರಲ್ಲಿ ಯೋಚನೆ ಮಾಡೋಕೆ ಏನಿದೆ?" ಎಂದ ಝುಬೀರ್. "ದೊಡ್ಡದು. ಎಂಟು ಚಿಪ್ ಇರೋದು. ರಮ್ಜಾನ್ ಧಾರಾವಾಹಿ ಬಂದ್ರೆ ಮೂವತ್ತು ಕಂತು ಅದ್ರಲ್ಲೇ ಮುಗಿಸ್ಬಹುದು."

"ನಾನೂ ಅದೇ ಅನ್ಕೊಂಡಿದ್ದೀನಿ."

ನಿಜಕ್ಕೂ ಅವಳು ಹಾಗೇ ಅಂದುಕೊಂಡಿದ್ದಳು. ಸ್ಟುಡಿಯೊದ ಹಳೆಯ ಪೆಟ್ಟಿಗೆ ಬೇಸಿಗೆಯಲ್ಲಿ ಒಂದು ದಿನ ಕರೆಂಟು ಏರಿಳಿದಾಗ ಸುಟ್ಟುಹೋಗಿತ್ತು. ಅದಿಲ್ಲದೆ ಅವಳ ಕೈ ಕಟ್ಟಿಹಾಕಿದಂತಾಗಿತ್ತು. ಅವಳು ನೆಚ್ಚಿಕೊಂಡಿದ್ದ ಪ್ಲಗಿನ್‌ಗಳೆಲ್ಲ, ಅಂದರೆ ಧ್ವನಿ ಹದಗೊಳಿಸುವ ತಂತ್ರಾಂಶಗಳೆಲ್ಲ, ಹಳೆಯ ಕಾಲದ ವಾಲ್ವ್ ಯಂತ್ರಗಳ, ಟೇಪಿನ, ದೊಡ್ಡ ಸಭಾಂಗಣಗಳ ಗುಣವನ್ನು ಅಚ್ಚುಹಾಕಿದಂತೆ ತರುವಂಥವು. ಅವು ಕಂಪ್ಯೂಟರಿನ ಬಲದಲ್ಲಿ ಓಡುವುದಿಲ್ಲ. ತಮ್ಮದೇ ಪೆಟ್ಟಿಗೆ, ಅದರೊಳಗಿನ ಚಿಪ್‌ಗಳು ಅವಕ್ಕೆ ಬೇಕು. ಪೆಟ್ಟಿಗೆ ಇಲ್ಲದಿದ್ದರೆ ಪರದೆಯ ಮೇಲೆ ಬೂದುಬಣ್ಣಕ್ಕೆ ತಿರುಗಿ ಸುಮ್ಮನೆ ಕೂತಿರುತ್ತವೆ.

ದೊಡ್ಡದನ್ನು ಗೋಡೆಯ ಕಬ್ಬಿಣದ ಚೌಕಟ್ಟಿಗೆ ತಿರುಪು ಹಾಕಿ ಕೂರಿಸಬೇಕು. ಒಮ್ಮೆ ಕೂರಿಸಿದರೆ ಅಲ್ಲಾಡಿಸುವಂತಿಲ್ಲ, ಆದರೆ ಎಷ್ಟು ಕೆಲಸ ಹೇರಿದರೂ ಹೊರುತ್ತದೆ. ಚಿಕ್ಕದು ಅಂಗೈಯಗಲ. ಎರಡೇ ಚಿಪ್. ಲ್ಯಾಪ್‌ಟಾಪಿನ ಕೇಬಲ್ಲಿನಿಂದಲೇ ಕರೆಂಟು ತೆಗೆದುಕೊಂಡು ಓಡುತ್ತದೆ. ನಾಲ್ಕು ಒಳ್ಳೆಯ ಪ್ಲಗಿನ್ ಹಾಕುವಷ್ಟರಲ್ಲಿ ಜಾಗ ಮುಗಿಯಿತು ಎನ್ನುತ್ತದೆ.

ಮತ್ತೆ ಈಗ ಕೈಯಲ್ಲಿದ್ದ ಕೆಲಸ ಸಾಮಾನ್ಯದ್ದಲ್ಲ, ಶೇಖ್ ಅಲ್ಲಾವಾ ಹಾಡಿದ ನೂಬಾ. ಅಲ್ಲಿಯ ಶಾಸ್ತ್ರೀಯ ಸಂಗೀತವಾದ ಮಾಲೂಫ್‌ನಲ್ಲಿ ಐದು ಭಾಗದ ದೊಡ್ಡ ಹಾಡುಗಾರಿಕೆ, ಮೂವತ್ತೊಂದು ಟ್ರ್ಯಾಕ್. ವಸಂತಕಾಲದಲ್ಲಿ ಮೂರು ದಿನ ಐದು ಜನ ವಾದ್ಯಗಾರರನ್ನು ಸುತ್ತ ಕೂರಿಸಿಕೊಂಡು, ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ, ಊದ್ ಎಂಬ ತಂತಿವಾದ್ಯ ಹಿಡಿದು ಶೇಖ್ ಹಾಡಿದ್ದರು. ಎರಡು ತಿಂಗಳಾದ ಮೇಲೆ ಪಾರ್ಶ್ವವಾಯು ಬಡಿಯಿತು. ಎಡಗೈ ಬಿದ್ದುಹೋಯಿತು, ಮಾತು ನಿಧಾನವಾಯಿತು. ಇನ್ನೆಷ್ಟು ದಿನ ಎಂದು ಡಾಕ್ಟರು ಹೇಳಲಿಲ್ಲ, ಖಾಲ್ತಿ ಯಮೀನಾ ಕೇಳಲೂ ಇಲ್ಲ. ಶೇಖ್ ಅವರ ಹೆಂಡತಿಯನ್ನು ಸಂಗೀತದವರೆಲ್ಲ ಖಾಲ್ತಿ ಎಂದೇ ಕರೆಯುವುದು, ಎಲ್ಲರಿಗೂ ಆಕೆ ಚಿಕ್ಕಮ್ಮನೇ.

ವಹೀಬಾಗೆ ಆ ಮನೆಯ ಋಣ ಇತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಪಿಟೀಲು ಕಲಿಯಲೆಂದು ಹೋದವಳನ್ನು ಶೇಖ್ ಎರಡು ವರ್ಷ ಸಹಿಸಿಕೊಂಡು, ಕೊನೆಗೊಂದು ದಿನ ಎಲ್ಲರೆದುರು, "ನಿನ್ನ ಕೈ ದಂಡ ಕಣಮ್ಮಾ, ಕಿವಿ ಮಾತ್ರ ನನಗಿಂತ ಚೆನ್ನಾಗಿದೆ. ಹೋಗು, ಯಂತ್ರದ ಹಿಂದೆ ಕೂತ್ಕೋ" ಎಂದಿದ್ದರು. ಅವತ್ತು ಅತ್ತುಕೊಂಡು ಮನೆಗೆ ಹೋದವಳು, ಹೇಳಿದ ಜಾಗದಲ್ಲೇ ಇಪ್ಪತ್ತೆರಡು ವರ್ಷದಿಂದ ಕೂತಿದ್ದಾಳೆ.

ಸೋಮವಾರ ಬೆಳಿಗ್ಗೆ ಅವಳು ಮೊದಲ ಭಾಗದ ಕಚ್ಚಾ ಮಿಕ್ಸನ್ನು ಪುಟ್ಟ ಸ್ಪೀಕರಿನೊಂದಿಗೆ ತೆಗೆದುಕೊಂಡು ಹಳೆಯ ಪೇಟೆಯಾದ ಸೂಯಿಕಾಗೆ ಹೋದಳು. ಆ ಗಲ್ಲಿಗಳಲ್ಲಿ ಕಾರು ಹೋಗುವುದಿಲ್ಲ. ಶೇಖ್ ಅವರ ಮನೆ ನಾಲ್ಕನೇ ಅಂತಸ್ತಿನಲ್ಲಿ, ಮೆಟ್ಟಿಲು ಒಬ್ಬರು ಹತ್ತಿದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಶೇಖ್ ಅವರನ್ನು ಒಮ್ಮೆ ಆಸ್ಪತ್ರೆಯಿಂದ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಮೇಲೆ ಹೊತ್ತು ತಂದಿದ್ದರು. ಮತ್ತೆ ಕೆಳಗಿಳಿಸುವ ಮಾತನ್ನು ಯಾರೂ ಎತ್ತಿರಲಿಲ್ಲ.

"ಹತ್ತರಿಂದ ಹನ್ನೊಂದು," ಎಂದು ಯಮೀನಾ ಬಾಗಿಲಲ್ಲೇ ಪಿಸುಗುಟ್ಟಿದಳು. "ಆ ಒಂದು ಗಂಟೆ ಇವರು ಇವರಾಗೇ ಇರ್ತಾರೆ. ಆಮೇಲೆ ಮಾತ್ರೆ ಎಳ್ಕೊಂಡು ಹೋಗುತ್ತೆ."

ಶೇಖ್ ದಿಂಬಿಗೊರಗಿ ಕಣ್ಣುಮುಚ್ಚಿ ಕೇಳಿದರು. ಅರ್ಧಕ್ಕೆ ಬಲಗೈ ಬೆರಳು ಮೇಲೆದ್ದಿತು.

"ದರ್ಬೂಕಾ... ಮುಂದೆ ಬಂತು. ಮನೆ ಯಜಮಾನನಿಗಿಂತ ಮುಂಚೆ ನೆಂಟ ಒಳಗೆ ಬಂದ ಹಾಗೆ."

"ಹಿಂದೆ ಹಾಕ್ತೀನಿ ಶೇಖ್. ನಾಳೆ ತರ್ತೀನಿ."

"ಈಗ್ಲೇ ಹಾಕು."

"ಈಗ ಆಗಲ್ಲ. ಇದು ಬೇಯಿಸಿ ತಂದಿದ್ದು. ಒಲೆ ಸ್ಟುಡಿಯೊದಲ್ಲಿದೆ."

ಶೇಖ್ ಕಣ್ಣು ತೆರೆದು ಅವಳನ್ನೇ ನೋಡಿದರು. "ಬೆಂದ ಮೇಲೆ ತಂದ್ರೆ ಉಪ್ಪು ಹೇಳಿ ಏನು ಪ್ರಯೋಜನ?"

ಮಂಗಳವಾರ ದರ್ಬೂಕಾ ಡೋಲಿನ ತಾಳವನ್ನು ಹಿಂದೆ ಸರಿಸಿ ತಂದಳು. ಶೇಖ್ ನಿದ್ದೆಯಲ್ಲಿದ್ದರು. ಹನ್ನೊಂದೂವರೆಯವರೆಗೆ ಕಾದು, ಕಿತ್ತಳೆಹೂವಿನ ನೀರು ಬೆರೆಸಿದ ಕಾಫಿ ಕುಡಿದು ವಾಪಸಾದಳು. ಬುಧವಾರ ಎಚ್ಚರವಾಗಿದ್ದರು, ಕೇಳಿದರು, ಆದರೆ ಸೋಮವಾರ ತಾವು ಏನು ಹೇಳಿದ್ದೆವೆಂಬುದು ಅವರಿಗೆ ನೆನಪಿರಲಿಲ್ಲ. "ಚೆನ್ನಾಗಿದೆ ಮಗಳೇ" ಎಂದುಬಿಟ್ಟರು. ನಲವತ್ತು ವರ್ಷದಲ್ಲಿ ಯಾರಿಗೂ ಅಷ್ಟು ಸುಲಭವಾಗಿ ಆ ಮಾತು ಹೇಳಿದವರಲ್ಲ. ಮೆಟ್ಟಿಲಿಳಿಯುವಾಗ ವಹೀಬಾ ಲೆಕ್ಕ ಹಾಕಿದಳು. ಒಂದು ಮಾತಿಗೆ ಮೂರು ದಿನ ಹೋಗಿತ್ತು. ಅವರ ಹತ್ತಿರ ಇರುವುದು ಎಷ್ಟು ಬೆಳಿಗ್ಗೆಗಳೋ.

ಗುರುವಾರ ಅವಳು ಝುಬೀರ್‌ಗೆ ಕೇಳಿಸುವಂತೆಯೇ ಮಲಿಕಾಗೆ ಫೋನು ಮಾಡಿದಳು. "ಚಿಕ್ಕದು ತಗೊಂಡ್ ಬಾ."

ಝುಬೀರ್ ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಹಾಕಿದ. "ನಿಂಗೆ ತಲೆ ಕೆಟ್ಟಿದ್ಯಾ? ಎರಡು ಚಿಪ್ಪಲ್ಲಿ ಮೂವತ್ತೊಂದು ಟ್ರ್ಯಾಕಾ? ಬೋಗುಣೀಲಿ ಒಂಟೆಗೆ ಸ್ನಾನ ಮಾಡಿಸ್ತೀಯಾ?"

"ವಾದ್ಯಗಳನ್ನೆಲ್ಲ ಇಲ್ಲೇ ಹದ ಮಾಡಿ, ಆ ಹದ ಸಮೇತ ಮತ್ತೆ ಮುದ್ರಿಸಿ ಗಟ್ಟಿ ಮಾಡ್ಕೊಂಡು ಹೋಗ್ತೀನಿ. ಪ್ಲಗಿನ್ ಬಿಡೋದು ಅವರ ಧ್ವನಿಗೆ ಮಾತ್ರ. ಉಳಿದಿದ್ದು ಹೆಚ್ಚುಕಮ್ಮಿ ಮಾಡೋಕೆ ಲ್ಯಾಪ್‌ಟಾಪೇ ಸಾಕು. ಅವರ ಎದುರಿಗೇ ಮಾಡ್ತೀನಿ."

"ಮತ್ತೆ ಧಾರಾವಾಹಿ?"

"ಬಿಡೋಣ."

"ಬಿಡೋಣ ಅಂತೆ! ಇದು ನಿಮ್ಮ ಮಾಲೂಫ್ ಸಂಘ ಅಲ್ಲ ವಹೀಬಾ, ನಮ್ಮಿಬ್ಬರ ಹೊಟ್ಟೆಪಾಡು. ಇನ್ನೆರಡು ತಿಂಗಳಲ್ಲಿ ಆ ಮನುಷ್ಯ..." ಝುಬೀರ್ ಅಲ್ಲಿಗೇ ನಿಂತ. ಅವನ ಮದುವೆಯಲ್ಲಿ ಬೆಳಗಿನ ಜಾವದವರೆಗೆ ಹಾಡಿದ್ದವರು ಅದೇ ಮನುಷ್ಯ.

"ಅದಕ್ಕೇ," ಎಂದಳು ವಹೀಬಾ.

ಮೂರು ದಿನ ಝುಬೀರ್ ಅವಳೊಂದಿಗೆ ಮಾತಾಡಲಿಲ್ಲ. ನಾಲ್ಕನೇ ದಿನ ಮಲಿಕಾ ಬಂದು, ಅಕ್ಕಪಕ್ಕದವರಿಗೆ ತಂದ ಸಾಬೂನು ಚಾಕೊಲೇಟುಗಳ ನಡುವೆ ಬಟ್ಟೆಯಲ್ಲಿ ಸುತ್ತಿದ್ದ ಪೆಟ್ಟಿಗೆಯನ್ನು ತೆಗೆದುಕೊಟ್ಟು, "ಇಷ್ಟಕ್ಕೆ ಇಷ್ಟೊಂದು ರಂಪಾನಾ?" ಎಂದಳು. ಮರುದಿನ ಬೆಳಿಗ್ಗೆ ವಹೀಬಾ ಸ್ಪೀಕರುಗಳನ್ನು ಹೊರಲು ಯಾರನ್ನು ಕರೆಯಲಿ ಎಂದು ಯೋಚಿಸುತ್ತ ಬಾಗಿಲು ತೆರೆದರೆ, ಝುಬೀರ್ ಎರಡನ್ನೂ ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. ಮುಖ ಮಾತ್ರ ಊದಿಸಿಕೊಂಡೇ ಇದ್ದ.

ಅವತ್ತಿನಿಂದ ಹತ್ತು ಗಂಟೆಗೆ ಸರಿಯಾಗಿ ಶೇಖ್ ಅವರ ಮಂಚದ ಪಕ್ಕ ಕೆಲಸ ಶುರುವಾಗುತ್ತಿತ್ತು. ಸ್ಪೀಕರುಗಳು ಬಟ್ಟೆಬೀರುವಿನ ಎರಡು ಬದಿಗೆ. ಲ್ಯಾಪ್‌ಟಾಪು ಯಮೀನಾಳ ಹೊಲಿಗೆ ಮೇಜಿನ ಮೇಲೆ, ಅದರ ಪಕ್ಕದಲ್ಲಿ ಪೆಟ್ಟಿಗೆ. ಬಿಸಿಯೇರುತ್ತಿದ್ದ ಅದನ್ನು ನೋಡಿ ಯಮೀನಾ, "ಇದರ ಮೇಲೆ ರೊಟ್ಟಿ ಬೆಚ್ಚಗಿಡಬಹುದಾ?" ಎಂದು ಕೇಳಿದ್ದಳು. ಶೇಖ್ ಅವರ ಬಾಯಿಯ ಬಲತುದಿ ಮೇಲೆದ್ದಿತು. ಈಗ ಅದೇ ಅವರ ನಗು.

ಬೆರಳು ಎತ್ತಿದರೆ ವಹೀಬಾ ನಿಲ್ಲಿಸುತ್ತಿದ್ದಳು, ಹೇಳಿದ್ದನ್ನು ಅಲ್ಲೇ ಮಾಡಿ ತೋರಿಸುತ್ತಿದ್ದಳು. ಊದ್‌ನ ಮಂದ್ರದ ತಂತಿ ಹೊಟ್ಟೆ ಉಬ್ಬಿಸಿಕೊಂಡಂತಿದೆ, ಇಳಿಸು. ಕೊಳಲು ಬಾಗಿಲಾಚೆ ನಿಂತಿದೆ, ಒಳಗೆ ಕರೆ. ಕೆಲವು ದಿನ ಒಂದೇ ಮಾತು. ಎರಡು ದಿನ ಬರೀ ನಿದ್ದೆ. ಆದರೂ ಹನ್ನೆರಡು ದಿನದಲ್ಲಿ ಮೂರು ಭಾಗ ಮುಗಿದವು. ಒಂದು ಗಂಟೆ ಎಂಬುದು ಎಷ್ಟು ದೊಡ್ಡದೆಂದು ವಹೀಬಾಗೆ ಆಗಲೇ ತಿಳಿದದ್ದು.

ನಾಲ್ಕನೇ ಭಾಗವನ್ನು ತೆರೆಯುವ ಬೆಳಿಗ್ಗೆ ಅವಳ ಕೈ ಸ್ವಲ್ಪ ಹಿಂಜರಿಯಿತು. ಅಲ್ಲೊಂದು ಜಾಗವಿತ್ತು. ಧ್ವನಿಮುದ್ರಣದ ಮೂರನೇ ದಿನ, ಉದ್ದದ ಸಾಲೊಂದರ ನಡುವೆ ಶೇಖ್ ಅವರ ಉಸಿರು ಸಾಲದೆ ಸ್ವರ ಕರಗಿಹೋಗಿತ್ತು. ಎರಡು ಸಾಲಿನ ನಂತರವಷ್ಟೇ ಅವರು ಮತ್ತೆ ಹಿಡಿದಿದ್ದು. ಇನ್ನೊಮ್ಮೆ ಹಾಡಿಸಲು ಯಾರಿಗೂ ಮನಸ್ಸಾಗಲಿಲ್ಲ. ಆ ಎರಡು ಸಾಲನ್ನು ಅವಳು ಸ್ಟುಡಿಯೊದಲ್ಲೇ ಹೇಗೋ ಮುಚ್ಚಿದ್ದಳು. ಕರಗಿದ ಸ್ವರಕ್ಕೆ ದೊಡ್ಡ ಸಭಾಂಗಣದ ಪ್ರತಿಧ್ವನಿ ಕೊಟ್ಟು ಉದ್ದ ಎಳೆದು, ಕೊಳಲನ್ನು ಮೇಲೆತ್ತಿ, ಕೇಳಿದವರಿಗೆ ಅದು ಬೇಕೆಂದೇ ಬಿಟ್ಟ ಜಾಗ ಎನಿಸುವಂತೆ ಮಾಡಿದ್ದಳು. ಚೆಂದವಾಗಿಯೇ ಇತ್ತು.

ಆ ಜಾಗ ಬಂತು, ಹೋಯಿತು. ಬೆರಳು ಎದ್ದಿತು.

"ಇಲ್ಲಿ ಇನ್ನೊಬ್ಬ ಇದ್ದ."

ವಹೀಬಾ ಹಾಡು ನಿಲ್ಲಿಸಿದಳು. "ಯಾರು ಶೇಖ್?"

"ನನ್ನನ್ನ ಕೇಳ್ತೀಯಾ? ನಿನಗೆ ಗೊತ್ತು. ಎಲ್ಲಿ ಹಾಕಿದೆ ಅವನನ್ನ?"

ಅವಳು ಬಚ್ಚಿಟ್ಟಿದ್ದು ನಸ್ರೆದ್ದೀನ್‌ನ ಧ್ವನಿ. ನಸ್ರೆದ್ದೀನ್ ಅಂಚೆ ಕಚೇರಿಯ ಗುಮಾಸ್ತ, ಶೇಖ್ ಅವರ ಪಕ್ಕದಲ್ಲಿ ಇಪ್ಪತ್ತಾರು ವರ್ಷದಿಂದ ಪಿಟೀಲು ನುಡಿಸುತ್ತಿದ್ದವನು. ಅಲ್ಲಿಯ ಪದ್ಧತಿಯಂತೆ ಪಿಟೀಲನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿ ನುಡಿಸುವಾಗ ಮೈಕು ಅವನ ಎದೆಯ ಮಟ್ಟದಲ್ಲಿತ್ತು. ಗುರುವಿನ ಉಸಿರು ನಿಂತ ಕ್ಷಣದಲ್ಲಿ ಅವನು, ತನಗೇ ತಿಳಿಯದಂತೆ ಎನ್ನುವ ಹಾಗೆ, ಮೆಲ್ಲಗೆ ಆ ಎರಡು ಸಾಲನ್ನು ಹಾಡಿಬಿಟ್ಟಿದ್ದ. ಗುರು ಮತ್ತೆ ಹಿಡಿದೊಡನೆ ಬಾಯಿ ಮುಚ್ಚಿಕೊಂಡಿದ್ದ. ಗುರುವಿನ ಸಾಲಿಗೆ ಶಿಷ್ಯ ಬಾಯಿಹಾಕುವುದು ಆ ಮನೆಯಲ್ಲಿ ಆಗದ ಮಾತು. ಅಂದು ಸಂಜೆ ನಸ್ರೆದ್ದೀನ್ ವಹೀಬಾಳನ್ನು ಮೂಲೆಗೆ ಕರೆದು, "ತಂಗಿ, ನನ್ನ ಮೈಕಲ್ಲಿ ಏನೋ ಸೇರ್ಕೊಂಡಿದೆ, ಅಳಿಸ್ಬಿಡು. ಯಾರಿಗೂ ಹೇಳ್ಬೇಡ" ಎಂದು ಬೇಡಿಕೊಂಡಿದ್ದ. ಅವಳೂ ಒಪ್ಪಿದ್ದಳು, ಅಳಿಸದೆ ಬರೀ ಮುಚ್ಚಿಟ್ಟಿದ್ದಳು. ಇಬ್ಬರೂ ಕಾಪಾಡಿದ್ದು ಗುರುವಿನ ಮರ್ಯಾದೆಯನ್ನೇ.

"ತೆಗೆದಿಟ್ಟಿದ್ದೀನಿ," ಎಂದಳು ಅವಳು ಮೆಲ್ಲಗೆ. "ನಿಮಗೆ ಬೇಜಾರಾಗ್ಬಾರ್ದು ಅಂತ."

"ನನ್ನ ಉಸಿರು ನಿಂತಿದ್ದು ನನಗೆ ಗೊತ್ತಿಲ್ವಾ?" ಶೇಖ್ ಪ್ರತಿ ಮಾತಿಗೂ ನಿಲ್ಲುತ್ತಿದ್ದರು. "ಅವನು ಹಿಡ್ಕೊಂಡ. ಅದಕ್ಕೇ ನಾನು ಮತ್ತೆ ಎದ್ದೆ. ತಗೊಂಡ್ ಬಾ ಅವನನ್ನ."

ಅವಳು ಮುಚ್ಚಿಟ್ಟಿದ್ದ ತುಣುಕುಗಳನ್ನು ತೆರೆದಳು. ಪಿಟೀಲಿನ ಹಿಂದೆ, ಪಕ್ಕದ ಕೋಣೆಯಿಂದ ಬಂದಂತೆ, ಒಂದು ಧ್ವನಿ ಕೇಳಿಸಿತು. ಅದನ್ನು ಮುಂದೆ ತರಬೇಕಾದರೆ ಬರಿದೇ ಜೋರು ಮಾಡಿದರೆ ಸಾಲದು. ಪಿಟೀಲಿನ ಕೀರಲನ್ನು ತಗ್ಗಿಸಿ, ಧ್ವನಿಯನ್ನು ಎತ್ತಿ ಹಿಡಿಯುವ ವಾಲ್ವ್ ಯಂತ್ರದ ಪ್ಲಗಿನ್ ಬೇಕು. ಹಾಕಿದಳು. ಜಾಗವಿಲ್ಲ ಎಂದು ಪರದೆಯ ಮೇಲೆ ಕೆಂಪು ಅಕ್ಷರ ಬಂತು.

"ಏನಾಯ್ತು?"

"ಪೆಟ್ಟಿಗೆ ತುಂಬ್ಹೋಗಿದೆ ಶೇಖ್. ನಿಮ್ಮ ಧ್ವನಿಗೆ ಹಾಕಿರೋದೇ ಎರಡೂ ಚಿಪ್ ತಿಂತಾ ಇದೆ. ಸ್ಟುಡಿಯೊಗೆ ಹೋಗಿ ನಿಮ್ಮದನ್ನ ಗಟ್ಟಿ ಮಾಡ್ಕೊಂಡು ನಾಳೆ..." ನಾಳೆ ಎಂಬ ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೆ ನಾಚಿಕೆಯಾಯಿತು.

"ನಂದು ತೆಗಿ," ಎಂದರು ಶೇಖ್.

"ಶೇಖ್, ಅದು ತೆಗೆದ್ರೆ ನಿಮ್ಮ ಧ್ವನಿ..."

"ನಂದು ತೆಗೆದು ಅವನಿಗೆ ಕೊಡು."

ದೊಡ್ಡ ಪೆಟ್ಟಿಗೆ ತರಿಸಿದ್ದರೆ ಈ ಮಾತು ಬರುತ್ತಲೇ ಇರಲಿಲ್ಲ ಎಂದು ವಹೀಬಾಗೆ ಹೊಳೆಯಿತು. ಅದರಲ್ಲಿ ಇಬ್ಬರಿಗೂ ಜಾಗವಿರುತ್ತಿತ್ತು. ಆದರೆ ಅದು ಇಲ್ಲಿ, ಈ ಮಂಚದ ಪಕ್ಕ ಇರುತ್ತಿರಲಿಲ್ಲ. ಅವಳು ಶೇಖ್ ಅವರ ಧ್ವನಿಯ ಮೇಲಿದ್ದ ವಾಲ್ವ್ ಯಂತ್ರವನ್ನು ತೆಗೆದಳು. ಅದರ ಬೆಚ್ಚನೆಯ ದಪ್ಪ ಕಳಚಿಕೊಂಡಿತು. ಉಳಿದದ್ದು ಒಣಗಿದ, ಅಂಚಿನಲ್ಲಿ ಸೀಳಿದ, ಎಪ್ಪತ್ತೊಂಬತ್ತು ವರ್ಷದ ಕಂಠ. ನಂತರ ಅದೇ ಯಂತ್ರವನ್ನು ಪಿಟೀಲಿನ ಮೈಕಿಗೆ ಹಾಕಿದಳು. ಪಕ್ಕದ ಕೋಣೆಯಲ್ಲಿದ್ದ ಧ್ವನಿ ಎದ್ದು ಈ ಕೋಣೆಗೆ ಬಂತು.

ಎರಡು ಸಾಲು. ಒಬ್ಬ ಕುಸಿಯುತ್ತಾನೆ, ಇನ್ನೊಬ್ಬ ಆತುಕೊಳ್ಳುತ್ತಾನೆ, ಮೊದಲಿನವನು ಮತ್ತೆ ಏಳುತ್ತಾನೆ. ಅಡುಗೆಮನೆಯಲ್ಲಿ ಯಮೀನಾ ತಿರುವುತ್ತಿದ್ದ ಸೌಟಿನ ಸದ್ದು ನಿಂತಿತು.

"ಸರಿ," ಎಂದರು ಶೇಖ್. "ಈಗ ಮುದುಕನ ಹಾಗೆ ಕೇಳಿಸ್ತೀನಿ. ಮುದುಕನೇ ತಾನೇ." ಸ್ವಲ್ಪ ಹೊತ್ತಿನ ಮೇಲೆ, "ನಾಳೆ ನಸ್ರೆದ್ದೀನ್‌ನ ಕರ್ಕೊಂಡ್ ಬಾ. ಯಾಕೆ ಅಂತ ಹೇಳ್ಬೇಡ" ಎಂದರು.

ನಸ್ರೆದ್ದೀನ್ ಅರ್ಧ ದಿನ ರಜೆ ಹಾಕಿ, ಕಚೇರಿಯ ಕೋಟಿನಲ್ಲೇ ಬಂದ. ಕೈಯಲ್ಲಿ ಅಕ್ರೋಟಿನ ಮಿಠಾಯಿಯ ಪೊಟ್ಟಣ. ವಹೀಬಾ ಆ ಭಾಗವನ್ನು ಹಾಕಿದಳು. ತನ್ನ ಧ್ವನಿ ಕೇಳಿದ್ದೇ ಅವನ ಮುಖ ಬಿಳಿಚಿಕೊಂಡಿತು. ತಿರುಗಿ ವಹೀಬಾಳನ್ನು ನೋಡಿದ, ನೀನೂ ಹೀಗೆ ಮಾಡಿದೆಯಾ ಎಂಬಂತೆ. ಆಮೇಲೆ ಮಂಚದ ಪಕ್ಕ ಮಂಡಿಯೂರಿ ಶೇಖ್ ಅವರ ಬಲಗೈ ಹಿಡಿದುಕೊಂಡ.

"ತಪ್ಪಾಯ್ತು ಶೇಖ್. ಬೇಕೂಂತ ಮಾಡ್ಲಿಲ್ಲ. ಅಳಿಸಿಬಿಡು ಅಂದಿದ್ದೆ."

"ಎಷ್ಟು ವರ್ಷ ಆಯ್ತು ನೀನು ಬಂದು?"

"ಇಪ್ಪತ್ತಾರು."

"ಇಪ್ಪತ್ತಾರು ವರ್ಷ ಹಾಡೋ ಹಾಡೋ ಅಂದೆ. ನೀನು ಕಲ್ಲಿನ ಹಾಗೆ ಕೂತಿದ್ದೆ. ನನ್ನ ಉಸಿರು ಹೋದಾಗ ಬಾಯಿ ಬಿಟ್ಟೆ." ಶೇಖ್ ಅವರ ಬಾಯಿಯ ಬಲತುದಿ ಮೇಲೆದ್ದಿತು. "ಮೊದ್ಲೇ ಗೊತ್ತಿದ್ರೆ ಮೊದ್ಲೇ ನಿಲ್ಲಿಸ್ತಿದ್ದೆ, ಕತ್ತೆ."

ನಸ್ರೆದ್ದೀನ್ ಅವರ ಅಂಗೈಯಲ್ಲಿ ಮುಖವಿಟ್ಟು ಅತ್ತ. ಶೇಖ್ ವಹೀಬಾ ಕಡೆ ನೋಡಿ, "ಡಿಸ್ಕ್ ಮೇಲೆ ಬರಿ. ಗಾಯನ, ಇಬ್ಬರು" ಎಂದರು. ಅದಾದ ಮೇಲೆ ಆಯಾಸವಾಗಿ ಕಣ್ಣು ಮುಚ್ಚಿದರು. ಹತ್ತೂವರೆಯೂ ಆಗಿರಲಿಲ್ಲ.

ಐದನೆಯ ಭಾಗ ಅವರು ಕೇಳಲಿಲ್ಲ. ಎರಡು ದಿನ ಬಿಟ್ಟು, ಶುಕ್ರವಾರದ ಪ್ರಾರ್ಥನೆಯ ಕರೆ ಮುಗಿಯುತ್ತಿದ್ದ ಹೊತ್ತಿಗೆ, ಪಾರ್ಶ್ವವಾಯು ಎರಡನೆಯ ಬಾರಿ ಬಡಿಯಿತು. ಸೂಯಿಕಾದ ಆ ಮೆಟ್ಟಿಲನ್ನು ಅವರು ನಸ್ರೆದ್ದೀನ್ ಮತ್ತು ಝುಬೀರ್ ಮೊದಲಾದವರ ಹೆಗಲ ಮೇಲೆ ಇಳಿದರು.

ವಹೀಬಾ ಮೂರು ವಾರ ಸ್ಟುಡಿಯೊಗೆ ಹೋಗಲಿಲ್ಲ. ಹೋದ ಮೇಲೆ ಪೆಟ್ಟಿಗೆ ಜೋಡಿಸಿ ಐದನೆಯ ಭಾಗ ತೆರೆದಳು. ಈಗ ಅವಸರವಿರಲಿಲ್ಲ. ಒಂದೊಂದೇ ಟ್ರ್ಯಾಕಿಗೆ ಬೇಕಾದ್ದನ್ನೆಲ್ಲ ಹಾಕಿ ಗಟ್ಟಿ ಮಾಡುತ್ತ ಹೋದರೆ ಚಿಕ್ಕ ಪೆಟ್ಟಿಗೆಯಲ್ಲೂ ಎಂಟು ಚಿಪ್‌ನ ಕೆಲಸ ತೆಗೆಯಬಹುದಿತ್ತು. ಅವಳು ಶೇಖ್ ಅವರ ಧ್ವನಿಗೆ ವಾಲ್ವ್ ಯಂತ್ರ ಹಾಕಿ ಕೇಳಿದಳು, ತೆಗೆದು ಕೇಳಿದಳು. ಮತ್ತೆ ಹಾಕಿದಳು. ಎರಡೂ ಸರಿಯಾಗಿದ್ದವು. ಯಾವುದಕ್ಕೂ ಎದುರಿಂದ ಬೆರಳು ಏಳಲಿಲ್ಲ. ಸಂಜೆ ಝುಬೀರ್ ಬಂದು ಹಿಂದಿನ ಕುರ್ಚಿಯಲ್ಲಿ ಕೂತ.

"ಯಾವುದು?" ಎಂದು ಕೇಳಿದಳು.

ಅವನು ಎರಡನ್ನೂ ಇನ್ನೊಮ್ಮೆ ಹಾಕಿಸಿ ಕೇಳಿದ. "ಗೊತ್ತಿಲ್ಲ ವಹೀಬಾ. ದೇವರಾಣೆ ಗೊತ್ತಿಲ್ಲ."

ಕೊನೆಗೆ ಅವಳು ತೆಗೆದದ್ದನ್ನೇ ಉಳಿಸಿಕೊಂಡಳು. ಧಾರಾವಾಹಿಯ ಕೆಲಸ ಅಷ್ಟರಲ್ಲಿ ಅನ್ನಾಬಾ ನಗರದ ಇನ್ನೊಂದು ಸ್ಟುಡಿಯೊಗೆ ಹೋಗಿತ್ತು. ಝುಬೀರ್ ಅದರ ಬಗ್ಗೆ ಒಂದು ಮಾತು ಆಡಲಿಲ್ಲ, ಮಲಿಕಾ ಮಾತ್ರ ಫೋನಿನಲ್ಲಿ ಆಡಿದಳು. ಡಿಸ್ಕ್ ಬಂದಾಗ ಸಂಘದ ಹಿರಿಯರು ಕೆಲವರು, ಗುರುವಿನ ಹೆಸರಿನ ಪಕ್ಕ ಗುಮಾಸ್ತನ ಹೆಸರು ಯಾಕೆ ಎಂದು ಗೊಣಗಿದರು. ಶೇಖ್ ತೀರಿ ನಲವತ್ತು ದಿನದ ಶೋಕ ಕಳೆದ ಮೇಲೆ, ಸಂಘದ ಮಂಗಳವಾರದ ಪಾಠಕ್ಕೆ ಬಂದವರೆದುರು ನಸ್ರೆದ್ದೀನ್ ಪಿಟೀಲನ್ನು ಪಕ್ಕಕ್ಕಿಟ್ಟು ಹಾಡಿ ತೋರಿಸಿದ. ಗೊಣಗುತ್ತಿದ್ದವರಲ್ಲಿ ಇಬ್ಬರು ಮುಂದಿನ ವಾರವೂ ಬಂದರು.

ವಹೀಬಾ ಮೊದಲ ಪ್ರತಿಯನ್ನು ಯಮೀನಾಗೆ ಕೊಡಲು ಹೋದಳು. ಮಂಚವನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಯಮೀನಾ ಕಾಫಿ ತಂದಿಟ್ಟು, "ಮೊದಲ ನಾಲ್ಕು ಬೇಡ, ಅಡುಗೆಮನೆಯಿಂದ ಎಲ್ಲಾ ಕೇಳಿದ್ದೀನಿ. ಕೊನೇದು ಹಾಕು" ಎಂದಳು.

ಇಡೀ ಭಾಗವನ್ನು ಆಕೆ ಕೈ ಮಡಿಚಿಕೊಂಡು ಕೂತು ಕೇಳಿದಳು. ಮುಗಿದ ಮೇಲೆ ತಲೆಯ ಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡಳು.

"ಅವರಿದ್ದಿದ್ರೆ ಇದ್ರಲ್ಲೂ ಏನಾದ್ರೂ ಹುಡುಕ್ತಿದ್ರು."

"ಏನು ಹುಡುಕ್ತಿದ್ರು ಖಾಲ್ತಿ?" ವಹೀಬಾ ತಟ್ಟನೆ ಮುಂದೆ ಬಾಗಿದಳು.

"ನಂಗೇನು ಗೊತ್ತಮ್ಮಾ ಅದೆಲ್ಲ. ಹುಡುಕ್ತಿದ್ರು ಅಷ್ಟೆ," ಎಂದು ಯಮೀನಾ ಬಟ್ಟಲನ್ನು ಅವಳತ್ತ ಸರಿಸಿದಳು. "ಕಾಫಿ ಆರೋಗುತ್ತೆ, ಕುಡಿ."